ಎಂಜಿನ್ನಿಗೆ ಬಾಯಿ

“ಶ್ಶ್!” ಎಂದು ಕಿಟ್ಟು ಕೈಯೆತ್ತಿದ. ಸರಿಯಾಗಿ ಅದೇ ಗಳಿಗೆಗೆ ಪಕ್ಕದ ಫ್ಲ್ಯಾಟಿನ ಕುಕ್ಕರ್ ಕೂಗಿತು.

“ಹಾಳಾಯ್ತು! ಸರೂ, ಆ ಅನಿಕೇತ್ ಮನೆಯವರಿಗೆ ಹೇಳೆ, ಇವತ್ತೊಂದು ದಿನ ಅನ್ನ ಮಾಡ್ಬೇಡೀಂತ.”

“ಹೇಳ್ತೀನಿ. ನಮ್ಮೆಜಮಾನ್ರು ರೈಲಾಗಿದಾರೆ, ನೀವೆಲ್ಲ ಉಪವಾಸ ಇರಿ ಅಂತ,” ಎಂದಳು ಸರಸ್ವತಿ.

ಮುಂಬಯಿ ದಹಿಸರಿನ ಆ ಪುಟ್ಟ ಫ್ಲ್ಯಾಟಿನಲ್ಲಿ ಫ್ಯಾನು ನಿಂತಿತ್ತು, ಫ್ರಿಜ್ಜು ನಿಂತಿತ್ತು, ಗೋಡೆ ಗಡಿಯಾರದ ಸೆಲ್ಲೂ ಹೊರಗೆ ಬಂದಿತ್ತು. ಕಿಟಕಿಗೆ ಹಾಸಿಗೆ, ಬಾಗಿಲಿಗೆ ರಜಾಯಿ. ಒಳಗಿನ ಸೆಕೆಗೆ ಹಪ್ಪಳ ಹಿಡಿದಿದ್ದರೆ ತಾನಾಗಿ ಸುಟ್ಟುಕೊಳ್ಳುತ್ತಿತ್ತು. ಮಗಳು ಧಾತ್ರಿ ಅಪ್ಪನ ಬಾಯಿಯ ಮುಂದೆ ಮೊಬೈಲ್ ಹಿಡಿದು ಬೆವರುತ್ತ ಕೂತಿದ್ದಳು. ಮರುದಿನ ಕಿಟ್ಟು ಆಸ್ಪತ್ರೆಗೆ ಸೇರಬೇಕು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಬಿಡುತ್ತಾರೆ. ಆಮೇಲೆ ಉಸಿರಾಟವೆಲ್ಲ ಕುತ್ತಿಗೆಯ ತೂತಿನಲ್ಲಿ. ಮಾತಿಲ್ಲ, ಸಿಳ್ಳೆಯಿಲ್ಲ, ಬಾಯಲ್ಲಿ ಊದಿದರೆ ಮೇಣದಬತ್ತಿಯೂ ಆರುವುದಿಲ್ಲ.

ಕಿಟ್ಟುವಿನ ಬಾಯಿಯೆಂದರೆ ಸಾಮಾನ್ಯ ಬಾಯಲ್ಲ. ಹಿತ್ತಾಳೆ ಚೂರು, ಹಾಲಿನಪುಡಿ ಡಬ್ಬಿಗಳಿಂದ ಉಗಿ ಎಂಜಿನ್ನಿನ ಪುಟ್ಟ ಬ್ಯಾಟರಿ ಮಾದರಿ ಮಾಡುವವರು ಮುಂಬಯಿಯಲ್ಲಿ ನೂರು ಜನ ಸಿಕ್ಕಾರು. ಅದಕ್ಕೆ ಬಾಯಲ್ಲೇ ಜೀವ ತುಂಬುವವನು ಇಡೀ ಭೂಮಂಡಲಕ್ಕೆ ಇವನೊಬ್ಬನೇ. ಹುಡುಗನಾಗಿದ್ದಾಗ ಅರಸೀಕೆರೆ ಸ್ಟೇಷನ್ನಿನ ಬೇಲಿಗೆ ಜೋತುಬಿದ್ದು ಕಲಿತ ವಿದ್ಯೆ. ಅವನು ಎಂಜಿನ್ನಿನ ಹಿಂದೆ ಕೂತು ಚುಕ್ಕುಭುಕ್ಕು ಶುರುಮಾಡಿದರೆ, ನೋಡುತ್ತಿದ್ದವರು ಕಿಡಿ ಬಿತ್ತೆಂದು ಕಣ್ಣುಜ್ಜಿಕೊಳ್ಳುತ್ತಿದ್ದರು. ಬಾಲ್ಕನಿಯಲ್ಲಿ ನಿಂತು ಕೂಗಿದರೆ ವಿರಾರ್ ಲೋಕಲ್ಲು ಬ್ರೇಕು ಹಾಕಿ ದಾರಿ ಬಿಡುತ್ತಿತ್ತು. ಸುಳ್ಳೆನ್ನುವವರು ದಹಿಸರಿಗೆ ಹೋಗಿ ವಿಚಾರಿಸಲಿ. ಯಾರಾದರೂ ವಿಡಿಯೋಗೆಂದು ಮೊಬೈಲ್ ಹಿಡಿದು “ಏನಾದ್ರೂ ಮಾತಾಡಿ ಅಂಕಲ್” ಎಂದರೆ ಮಾತಾಡುತ್ತಿರಲಿಲ್ಲ, ಕೂ ಎನ್ನುತ್ತಿದ್ದ. “ಒಂದು ದಿನವಾದ್ರೂ ಮನುಷ್ಯರ ಥರ ಮಾತಾಡ್ರೀ,” ಎಂದು ಬೇಡಿ ಬೇಡಿ ಸರಸ್ವತಿಯ ನಾಲಗೆ ಸವೆದಿತ್ತು.

ಈಗ ಆ ಬಾಯನ್ನು ಎಂಜಿನ್ನಿನೊಳಗೆ ಬಚ್ಚಿಡಬೇಕಿತ್ತು. ಅದಕ್ಕೆಂದೇ ದೇವರ ಗೂಡಿನಲ್ಲಿ ಹಗಲಿರುಳು ಮಂತ್ರ ಹೇಳುತ್ತಿದ್ದ ಮೆಮರಿ ಕಾರ್ಡಿನ ಡಬ್ಬಿಯನ್ನು ಬಿಚ್ಚಿ, ಅದರ ಕರುಳನ್ನೆಲ್ಲ ಎಂಜಿನ್ನಿನ ಹಿಂದಿನ ಕಲ್ಲಿದ್ದಲ ಗಾಡಿಯಲ್ಲಿ ಕೂರಿಸಿದ್ದ.

“ದೇವರ ಬಾಯಿ ಕಟ್ಟಿ ರೈಲಿನ ಬಾಯಿ ಬಿಡಿಸ್ತೀರಲ್ರೀ, ಪಾಪ ಸುತ್ಕೊಳ್ಳಲ್ವಾ?”

“ಸುತ್ಕೊಂಡಾಗಿದೆ ಬಿಡೆ,” ಎಂದು ಗಂಟಲು ಮುಟ್ಟಿಕೊಂಡು ನಕ್ಕಿದ್ದ.

ಕುಕ್ಕರ್ ಸುಮ್ಮನಾದ ಮೇಲೆ ಮತ್ತೆ ಶುರುವಾಯಿತು. ಗೊಗ್ಗರು ಗಂಟಲಿನಲ್ಲೇ ಎಂಜಿನ್ನು ಏರು ಹತ್ತಿತು, ಇಳಿಯಿತು, ಉಗಿ ಬಿಟ್ಟಿತು. ನಡುನಡುವೆ ಕೆಮ್ಮು. “ಸರೂ, ಬಿಸಿನೀರು ಕೊಡೆ.” “ಸರೂ, ಬಳೆ ಸದ್ದಾಗತ್ತೆ, ತೆಗೆದಿಡೆ.”

ಸರಸ್ವತಿ ಲೋಟ ಹಿಡಿದವಳು ಹಾಗೇ ನಿಂತಳು. “ಇವತ್ತೇ ಬಳೆ ತೆಗೆಸ್ತೀರಾ?”

ಕಿಟ್ಟುವಿನ ಮುಖ ಸಣ್ಣದಾಯಿತು. ಜೇಬಿನಿಂದ ಕರ್ಚೀಫು ತೆಗೆದು, ಅವಳ ಕೈಯ ಗಾಜಿನ ಬಳೆಗಳನ್ನು ತಾನೇ ಸುತ್ತಿ ಕಟ್ಟಿದ. ಕಟ್ಟುತ್ತ, “ಹೆದರ್ಬೇಡ ಕಣೇ ಸರೂ, ನಾನೆಲ್ಲಿಗೆ ಹೋಗ್ತೀನಿ,” ಎಂದ. ಮೊಬೈಲು ಅದನ್ನೂ ಕೇಳಿಸಿಕೊಳ್ಳುತ್ತಿತ್ತು.

ಎಲ್ಲ ಮುಗಿದ ಮೇಲೆ ಮಗಳಿಗೆ ಕಟ್ಟಪ್ಪಣೆಯಾಯಿತು: “ಮಾತೆಲ್ಲ ಕತ್ತರಿಸಿಬಿಡು. ಎಂಜಿನ್ ಎಲ್ಲಾದ್ರೂ ಮಾತಾಡತ್ತಾ?”

“ಟೆನ್ಶನ್ ಮತ್ ಲೋ ಅಪ್ಪಾ. ಒಂದು ವರ್ಡೂ ಇರಲ್ಲ, ಏಕ್‌ದಮ್ ಕ್ಲೀನ್.”

ಆಸ್ಪತ್ರೆಯಿಂದ ಬಂದವನ ಕುತ್ತಿಗೆಗೆ ಬಿಳಿ ಬಟ್ಟೆಯಿತ್ತು. ಎಂಜಿನ್ನು ಪುಟ್ಟ ಕಂಬಿಯ ಮೇಲೆ ಮಂಚವನ್ನು ಸುತ್ತಿ ಕೂಗಿದ್ದನ್ನು ನೋಡಲು ಇಡೀ ಬಿಲ್ಡಿಂಗು ಬಂತು, ಚಪ್ಪಾಳೆ ತಟ್ಟಿತು, ಚಹಾ ಕುಡಿದು ಹೋಯಿತು. ಆಮೇಲೆ ಯಾರೂ ಬರಲಿಲ್ಲ. ಕಿಟ್ಟು ಹೆಂಡತಿಯನ್ನು ಕರೆಯಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತಿದ್ದ. ಬಿಲ್ಡಿಂಗಿನ ಯಾವ ಮನೆಯಲ್ಲಿ ಚಮಚ ತಾಗಿದರೂ ಸರಸ್ವತಿ ಕೈಯ ಹಿಟ್ಟು ಕೂಡ ತೊಳೆಯದೆ ಓಡಿಬರುತ್ತಿದ್ದಳು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳು ಮಗಳನ್ನು ಕೇಳಿದಳು. “ಆವತ್ತು ಬಳೆ ಕಟ್ತಾ ಒಂದು ಮಾತು ಹೇಳಿದ್ರಲ್ಲ, ಅದನ್ನ ಹಾಕೆ.”

“ಅಮ್ಮಾ... ವೋ ತೋ ಡಿಲೀಟ್ ಮಾಡ್ದೆ. ಅಪ್ಪಾನೇ ಹೇಳಿದ್ರಲ್ಲ.”

“ಬೇರೆ ಏನಾದ್ರೂ ಇರತ್ತೆ ನೋಡು. ‘ಸರೂ’ ಅಂದಿದ್ದಾದ್ರೂ.”

ಧಾತ್ರಿ ಹುಡುಕಿದಳು. ತನ್ನ ನಿಶ್ಚಿತಾರ್ಥದ ವಿಡಿಯೋದಲ್ಲಿ ಕೂ. ಗಣಪತಿ ಹಬ್ಬದ್ದರಲ್ಲಿ ಕೂ. ಚೆಂಬೂರಿನ ಚಿಕ್ಕಮ್ಮ ಕಳಿಸಿದ್ದರಲ್ಲೂ ಕೂ. ಆಮೇಲೆ ಅವಳು ಮೊಬೈಲನ್ನು ಬೋರಲು ಇಟ್ಟು, “ಸಾರಿ ಅಮ್ಮಾ,” ಎಂದು ಅಳತೊಡಗಿದಳು.

ಹಜಾರದ ಮಂಚದಲ್ಲಿ ಕಿಟ್ಟುವಿಗೆ ಎಲ್ಲವೂ ಕೇಳಿಸಿತ್ತು. ಬಗ್ಗಿ, ಕಂಬಿಯ ಪಕ್ಕ ಜೋಡಿಸಿದ್ದ ಎಂಜಿನ್ನಿನ ಗುಂಡಿ ಒತ್ತಿದ. ಅದು ಚುಕ್ಕುಭುಕ್ಕೆನ್ನುತ್ತ ಹೊರಟಿತು. ತಿರುವಿನಲ್ಲಿ, ಕೂಗುವ ಮುಂಚೆ, ಧಾತ್ರಿಯ ಕತ್ತರಿಗೆ ಸಿಗದ ಒಂದು ಉಸಿರು ಉಳಿದುಕೊಂಡಿತ್ತು. ಹಜಾರದಿಂದ ‘ಸರೂ’ ಎಂದು ಹೆಂಡತಿಯನ್ನು ಕರೆಯುವ ಮೊದಲು ಎಳೆದುಕೊಳ್ಳುತ್ತಿದ್ದನಲ್ಲ, ಅದೇ ಉಸಿರು.

“ಏನ್ರೀ?” ಎಂದಳು ಸರಸ್ವತಿ ಒಳಗಿನಿಂದ.

ಎಂಜಿನ್ನು ಕೂಗಿತು.

ಅವಳು ಬಾಗಿಲಿಗೆ ಬಂದಳು. ಕಿಟ್ಟು ಗುಂಡಿಯ ಮೇಲೆ ಬೆರಳಿಟ್ಟಿದ್ದ, ನಿಲ್ಲಿಸಲಿಲ್ಲ. ಎಂಜಿನ್ನು ಮಂಚದ ಕೆಳಗೆ ಹೊಕ್ಕು ಆ ಕಡೆಯಿಂದ ಮತ್ತೆ ತಿರುವಿನತ್ತ ಬರುತ್ತಿತ್ತು. ಸರಸ್ವತಿ ಬಳೆಗಳು ಸದ್ದಾಗದಂತೆ ಒಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಳು.