ಅರವತ್ತೊಂದನೆಯ ಪುಟದ ಹುಟ್ಟುಹಬ್ಬ

ಹಾರ್ಲೆಮ್ಮಿನ ವೀಬ್ರಾಂಡ್ಸ್ ಪ್ರಕಾಶನದಲ್ಲಿ ಇಪ್ಪತ್ತಾರು ವರ್ಷ ಪ್ರೂಫ್ ತಿದ್ದಿದವಳು ನಾನು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಥ ಕೆಲಸ. ನೂರು ತಪ್ಪು ಹಿಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಒಂದು ಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ನಾನು ಬಿಟ್ಟ ತಪ್ಪುಗಳು ಬಹಳ ಕಡಿಮೆ, ಆ ವಿಷಯದಲ್ಲಿ ನನಗೆ ಜಂಬವೂ ಇದೆ. ಆದರೆ ಬಿಡಬೇಕಾಗಿದ್ದ ಒಂದು ತಪ್ಪನ್ನು ತಿದ್ದಿಬಿಟ್ಟಿದ್ದೇನೆ. ಈಗ ಹೇಳಹೊರಟಿರುವುದು ಅದನ್ನೇ.

1933ರ ಅಕ್ಟೋಬರ್. ಹಿಟ್ಲರ್ ಬರ್ಲಿನ್ನಿನಲ್ಲಿ ಗದ್ದುಗೆ ಹಿಡಿದು ಒಂಬತ್ತು ತಿಂಗಳಾಗಿತ್ತು. ನಿನ್ನೆ ಮೊನ್ನೆಯವರೆಗೆ ಯಾರೂ ಗಣನೆಗೆ ತೆಗೆದುಕೊಳ್ಳದಿದ್ದ ಆ ಮನುಷ್ಯನ ಬೂಟುಗಳಿಗೆ, ಲಾರಿಗಳಿಗೆ, ಬಾವುಟಗಳಿಗೆ ದುಡ್ಡು ಕೊಟ್ಟವರು ಯಾರು ಎಂಬುದೇ ಎಲ್ಲರ ಬಾಯಲ್ಲೂ. ಆ ಪ್ರಶ್ನೆಗೆ ಉತ್ತರವನ್ನು ನನ್ನ ಅಪ್ಪ ಬೆರೆಂಡ್ ಊಸ್ಟ್‌ವೇನ್ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮಾಲೀಕ ವೀಬ್ರಾಂಡ್ಸರ ಕೋಣೆಗೆ ಬಂದ.

ಅಪ್ಪ ಅನುವಾದಕ. ಮೂವತ್ತು ವರ್ಷ ಇಂಗ್ಲಿಷಿನಿಂದ ಪತ್ತೇದಾರಿ ಕತೆ, ಜರ್ಮನ್ನಿನಿಂದ ಬೇಟೆಯ ಪುಸ್ತಕ, ಎರಡರಿಂದಲೂ ಅಡುಗೆಯ ಪುಸ್ತಕ ಅನುವಾದಿಸಿದ್ದ. ಅವನ ಹೆಸರು ಯಾವಾಗಲೂ ಎರಡನೆಯ ಪುಟದ ಕೆಳಗೆ, ಇರುವೆಯಷ್ಟು ಸಣ್ಣಕ್ಷರದಲ್ಲಿ. ಸ್ವಂತದ ಕಾದಂಬರಿಯನ್ನು ಮೂರು ಸಲ ಮೂರು ಕಡೆ ಕೊಟ್ಟು ಮೂರು ಸಲ ವಾಪಸು ತಂದಿದ್ದ. ಈ ಸಲ ತಂದದ್ದು ಕಾದಂಬರಿಯಲ್ಲ. ನಮ್ಮ ದೇಶದ್ದೇ ಆದ ಹೇಗ್ ನಗರದ ಹೋಟೆಲೊಂದರಲ್ಲಿ ಹೆಸರು ಹೇಳಬಾರದ ಒಬ್ಬ ಅಮೆರಿಕನ್ ಬ್ಯಾಂಕರ್ ಅವನಿಗೆ ಸಿಕ್ಕಿದ್ದನಂತೆ. ನ್ಯೂಯಾರ್ಕಿನ ದೊಡ್ಡ ಬ್ಯಾಂಕುಗಳ ಪರವಾಗಿ ಆತ ಮೂರು ಸಲ ಜರ್ಮನಿಗೆ ಹೋಗಿ ಹಿಟ್ಲರನಿಗೆ ಕೋಟಿಗಟ್ಟಲೆ ಹಣ ತಲುಪಿಸಿದ್ದನಂತೆ. ಮನಸ್ಸಾಕ್ಷಿ ಚುಚ್ಚಿ ಎಲ್ಲವನ್ನೂ ಬರೆದಿಟ್ಟು, ಅನುವಾದ ಮಾಡಿ ಅಚ್ಚು ಹಾಕಿಸಿ ಎಂದು ಅಪ್ಪನ ಕೈಗಿತ್ತನಂತೆ. ಮೂಲ ಪ್ರತಿ ಎಲ್ಲಿ ಎಂದು ವೀಬ್ರಾಂಡ್ಸ್ ಕೇಳಿದರು. ಅನುವಾದ ಮುಗಿದ ದಿನವೇ ಆತ ವಾಪಸು ತೆಗೆದುಕೊಂಡ ಎಂದ ಅಪ್ಪ. ಅವರು ಎರಡನೆಯ ಸಲ ಕೇಳಲಿಲ್ಲ. ಕೇಳಿದರೆ ಪುಸ್ತಕ ಕೈತಪ್ಪೀತು ಎಂಬ ಭಯ ಪ್ರಕಾಶಕರಿಗೆ ಇದ್ದೇ ಇರುತ್ತದೆ.

ನಮ್ಮ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು ಯೋನಾಸ್ ಡ್ರಿಲ್ಸ್ಮಾ. ಐವತ್ತರ ಹತ್ತಿರದ ಯಹೂದಿ, ಕಿವಿಯ ಹಿಂದೆ ಸದಾ ಒಂದು ಅರ್ಧ ಸಿಗಾರು. ಜೋಡಿಸುವ ಪುಸ್ತಕವನ್ನು ಕಂಪೋಸಿಟರುಗಳು ಓದುವುದಿಲ್ಲ ಎನ್ನುತ್ತಾರೆ. ಇವರು ಓದುತ್ತಿದ್ದರು, ಅದೂ ತಲೆಕೆಳಗಾದ ಅಕ್ಷರದಲ್ಲೇ. ಒಂದು ಬೆಳಿಗ್ಗೆ ಅರವತ್ತೊಂದನೆಯ ಪುಟದ ಪ್ರೂಫನ್ನು ಮಾತ್ರ ಬೇರೆಯಾಗಿ ತಂದು ನನ್ನ ಮೇಜಿನ ಮೇಲಿಟ್ಟು ಅಲ್ಲೇ ನಿಂತರು.

ಜರ್ಮನಿಗೆ ಹಣ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಐದು ಜನ ಬ್ಯಾಂಕರುಗಳು ನ್ಯೂಯಾರ್ಕಿನಲ್ಲಿ, ಪುಸ್ತಕ ಬರೆದನೆನ್ನುವ ಬ್ಯಾಂಕರನ ಮನೆಗೆ ಬರುವ ಪುಟ ಅದು. ಅಲ್ಲಿ ಹೀಗಿತ್ತು: "ಅಂದು ನನ್ನ ಹೆಂಡತಿಯ ಹುಟ್ಟುಹಬ್ಬವಾಗಿತ್ತು. ಬಂದವರು ಒಬ್ಬೊಬ್ಬರಾಗಿ ನನ್ನ ಕೈ ಕುಲುಕಿ ಅಭಿನಂದಿಸಿದರು, ಆಮೇಲೆ ನನ್ನ ಅತ್ತೆಯನ್ನು ಅಭಿನಂದಿಸಿದರು. ಎಲ್ಲರೂ ಕುರ್ಚಿಗಳಲ್ಲಿ ವೃತ್ತವಾಗಿ ಕುಳಿತು ಕಾಫಿಯೊಂದಿಗೆ ಒಂದೊಂದು ಬಿಸ್ಕತ್ತು ತೆಗೆದುಕೊಂಡ ಮೇಲೆ ಮಾತು ಶುರುವಾಯಿತು."

ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಹುಟ್ಟುಹಬ್ಬದ ಮನೆಯಲ್ಲಿ ಇನ್ನು ಹೇಗಿರುತ್ತದೆ? ಹುಟ್ಟಿದವರಿಗೆ, ಅವರ ಗಂಡನಿಗೋ ಹೆಂಡತಿಗೋ, ಅಪ್ಪ ಅಮ್ಮನಿಗೆ, ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳಿದ ಮೇಲೇ ಕೂರಬೇಕು. ಏನು ತಪ್ಪಿದೆ ಎಂದು ಕೇಳಿದೆ.

"ನೋಡಮ್ಮ, ನನ್ನ ತಂಗಿ ಚಿಕಾಗೋಗೆ ಹೋಗಿ ಹದಿನೆಂಟು ವರ್ಷ ಆಯ್ತು," ಎಂದರು ಡ್ರಿಲ್ಸ್ಮಾ. "ಅಲ್ಲಿ ಯಾರ ಹುಟ್ಟುಹಬ್ಬಾನೋ ಅವರಿಗೊಬ್ಬರಿಗೇ ಹೇಳೋದಂತೆ. ಮೊದಲನೇ ವರ್ಷ ಗಂಡನ ಹುಟ್ಟುಹಬ್ಬಕ್ಕೆ ಬಂದೋರು ಯಾರೂ ಇವಳಿಗೆ ಕೈ ಕೊಡ್ಲಿಲ್ಲ ಅಂತ ಅಡುಗೆಮನೇಲಿ ಕೂತು ಅತ್ತಳಂತೆ. ಈ ನ್ಯೂಯಾರ್ಕಿನ ಸಾಹುಕಾರರು ನಮ್ಮ ಹಾರ್ಲೆಮ್ಮಿನ ಓಣಿಯೋರ ಥರ ಆಡ್ತಿದಾರಲ್ಲ. ಕೋಟಿ ಕೋಟಿ ಕೊಡೋರಿಗೂ ಒಂದೇ ಬಿಸ್ಕತ್ತಾ?"

ಅವರು ನಕ್ಕರು. ನಾನೂ ನಕ್ಕೆ. ಅವರು ಕೆಳಗಿಳಿದು ಹೋದ ಮೇಲೆ ಆ ಸಾಲುಗಳನ್ನು ಮತ್ತೆ ಓದಿದೆ. ಅದು ಅಮೆರಿಕದವನ ಮನೆಯಲ್ಲ. ನಮ್ಮ ಮನೆ. ಅಮ್ಮ ಬದುಕಿದ್ದಾಗ ಅವಳ ಹುಟ್ಟುಹಬ್ಬಕ್ಕೆ ಬಂದವರು ಬಾಗಿಲಲ್ಲೇ ಅಪ್ಪನ ಕೈ ಕುಲುಕುತ್ತಿದ್ದರು, ಆಮೇಲೆ ಅಜ್ಜಿಯ ಕೈ.

ಸಂಜೆ ಊಟಕ್ಕೆ ಕೂತಾಗ, ಅಮೆರಿಕದವರೂ ನಮ್ಮ ಹಾಗೇ ಹುಟ್ಟುಹಬ್ಬ ಮಾಡುತ್ತಾರಂತೆ ಎಂದೆ. ಬಟಾಣಿ ಸಾರಿನ ಚಮಚ ಅಪ್ಪನ ಕೈಯಲ್ಲೇ ನಿಂತಿತು. ಓದುವವರಿಗೆ ಹತ್ತಿರವಾಗಲಿ ಎಂದು ಅಲ್ಲಿ ಸ್ವಲ್ಪ ಸೇರಿಸಿದೆ ಎಂದ. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದೆ. ಅವನು ಚಮಚವನ್ನು ತಟ್ಟೆಗಿಟ್ಟ.

"ಮೂವತ್ತು ವರ್ಷ ಇನ್ನೊಬ್ಬರ ಮಾತು ಬರೆದೆ ಕಣಮ್ಮ," ಎಂದ. "ಇದೊಂದು ಸಲ ನಾನು ಬರೆದದ್ದನ್ನ ಎಲ್ಲರೂ ಓದ್ತಾರೆ. ಆ ರಾಕ್ಷಸನಿಗೆ ಇದರಿಂದ ಅವಮಾನ ಆಗುತ್ತೆ, ಪರದೇಶದೋರ ದುಡ್ಡು ತಿಂದೋನು ಅಂತ ಅವನ ಜನಾನೇ ಉಗೀತಾರೆ. ಇದರಿಂದ ಯಾರಿಗೇನು ಕೆಟ್ಟದ್ದು?"

ನನಗಾಗ ಇಪ್ಪತ್ತೆಂಟು ವರ್ಷ. ವೀಬ್ರಾಂಡ್ಸರಿಗೆ ಹೇಳಿದರೆ ಅಪ್ಪ ಇನ್ನೆಲ್ಲೂ ಕೆಲಸ ಸಿಗದ ಮನುಷ್ಯನಾಗುತ್ತಿದ್ದ. ಸುಮ್ಮನೆ ಬಿಟ್ಟರೆ ಚಿಕಾಗೋದಲ್ಲಿ ತಂಗಿ ಇರುವ ಯಾವನಾದರೂ ಓದುಗ ಹಿಡಿಯುತ್ತಿದ್ದ. ಮರುದಿನ ಬೆಳಿಗ್ಗೆ ಮೂರನೆಯದನ್ನು ಮಾಡಿದೆ. ಆ ಮೂರು ಸಾಲುಗಳ ಮೇಲೆ ಪೆನ್ಸಿಲ್ ಎಳೆದು, ತೆಗೆಯುವ ಗುರುತು ಹಾಕಿ ಕೆಳಗೆ ಕಳಿಸಿದೆ.

ಡ್ರಿಲ್ಸ್ಮಾ ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ನಗಲಿಲ್ಲ.

"ತೆಗೀಲೇಬೇಕಾ? ನಾನಾಗಿದ್ರೆ ಬಿಡ್ತಿದ್ದೆ. ಸುಳ್ಳಿಗೆ ಒಂದು ಬಾಲ ಇರ್ಲಮ್ಮ, ನಾಳೆ ಯಾರಿಗಾದ್ರೂ ಹಿಡ್ಕೊಂಡು ಎಳೆಯೋಕೆ."

ತೆಗೆಯಿರಿ ಎಂದೆ. ಅವರು ಹೋಗಿ ಮೂರು ಸಾಲು ಬಿಚ್ಚಿ ಮೊಳೆಗಳನ್ನು ಅವುಗಳ ಖಾನೆಗಳಿಗೆ ಹಾಕಿದರು. ತಿದ್ದಿದ ಪ್ರೂಫು ನಮ್ಮಲ್ಲಿ ಪುಸ್ತಕದ ಕಟ್ಟು ಸುತ್ತುವುದಕ್ಕೆ ಹೋಗುತ್ತದೆ, ಅದೂ ಹೋಯಿತು.

ಪುಸ್ತಕ ಬಂತು. ಒಂದಿಬ್ಬರು ಪತ್ರಿಕೆಯವರು ನಕ್ಕರು, ಒಂದಿಬ್ಬರು ನಂಬಿದರು. ಆರನೆಯ ವಾರ ಯಾವುದೋ ಬ್ಯಾಂಕಿನ ವಕೀಲರಿಂದ ಕಾಗದ ಬಂತು. ವೀಬ್ರಾಂಡ್ಸ್ ಈಗ ಎರಡನೆಯ ಸಲ ಮೂಲ ಪ್ರತಿ ಕೇಳಿದರು. ಅಪ್ಪ ಮೊದಲಿನ ಉತ್ತರವನ್ನೇ ಕೊಟ್ಟ. ಆ ದಿನವೇ ಅಂಗಡಿಗಳಿಂದ ಪುಸ್ತಕ ವಾಪಸು ತರಿಸಿ ಕಾಗದದ ಗಿರಣಿಗೆ ಕಳಿಸಿದರು. ಸುಳ್ಳು ಎಂದೂ ಹೇಳಲಿಲ್ಲ, ನಿಜ ಎಂದೂ ಹೇಳಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎರಡು ಸಾಲಿನ ಪ್ರಕಟಣೆ ಕೊಟ್ಟು ಸುಮ್ಮನಾದರು. ಅದಾಗಲೇ ಇನ್ನೂರೋ ಮುನ್ನೂರೋ ಪ್ರತಿ ಮಾರಾಟವಾಗಿತ್ತು. ಇದ್ದದ್ದರಲ್ಲಿ ದೊಡ್ಡ ಸಾಕ್ಷಿ ಆಮೇಲೆ ಹುಟ್ಟಿತು: ಹಿಂದಕ್ಕೆ ತೆಗೆದುಕೊಂಡದ್ದೇ ಸಾಕ್ಷಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಲ್ಲ, ಎಂದು ಜನ ಬ್ಯಾಂಕುಗಳ ಬಗ್ಗೆ ಆಡಿಕೊಂಡರು.

ನಾನು ಬ್ಯಾಂಕುಗಳ ಪರ ವಕಾಲತ್ತು ಮಾಡುತ್ತಿಲ್ಲ. ಯಾರು ಯಾರಿಗೆ ಏನು ಕೊಟ್ಟರೋ ನಾನು ಕಂಡಿಲ್ಲ. ನಾನು ಕಂಡಿರುವುದು ಈ ಒಂದು ಪುಸ್ತಕ, ಅದು ನಮ್ಮ ಮನೆಯ ಊಟದ ಮೇಜಿನ ಮೇಲೆ ಹುಟ್ಟಿತು. ಅಪ್ಪ ಅದರಲ್ಲಿ ಎಲ್ಲೂ ಯಹೂದಿ ಎಂಬ ಮಾತು ಬರೆದಿರಲಿಲ್ಲ. ಬ್ಯಾಂಕರ್ ಎಂದಷ್ಟೇ ಬರೆದಿದ್ದ. ಬ್ಯಾಂಕರ್ ಎಂದರೆ ಯಹೂದಿಯೇ ಎಂದು ಉಳಿದದ್ದನ್ನು ಓದಿದವರೇ ತುಂಬಿಕೊಂಡರು.

1940ರ ಮೇ ತಿಂಗಳಲ್ಲಿ ಜರ್ಮನ್ನರು ಬಂದ ವಾರ ವೀಬ್ರಾಂಡ್ಸ್ ಹೆದರಿ ಅಪ್ಪನ ಹಸ್ತಪ್ರತಿಯನ್ನು ಒಲೆಗೆ ಹಾಕಿದರು. ಮರುವರ್ಷ ಯಹೂದಿಗಳ ಮೇಲಿನ ಜರ್ಮನ್ನರ ಆಜ್ಞೆಯಿಂದಾಗಿ ಡ್ರಿಲ್ಸ್ಮಾರನ್ನು ಕೆಲಸದಿಂದ ತೆಗೆಯಬೇಕಾಯಿತು. 1942ರ ಜೂನ್ ತಿಂಗಳಲ್ಲಿ ಸ್ಪಾರ್ನೆ ನದಿಯ ದಂಡೆಯಲ್ಲಿ ಅವರನ್ನು ಕಂಡೆ. ಕೋಟಿನ ಮೇಲೆ ಯಹೂದಿಗಳೆಲ್ಲ ಹಾಕಲೇಬೇಕಾಗಿದ್ದ ಹಳದಿ ನಕ್ಷತ್ರ, ಕಿವಿಯ ಹಿಂದೆ ಸಿಗಾರು ಇರಲಿಲ್ಲ. ಪಕ್ಕದ ಮನೆಯವನು ಏನೋ ಹೇಳಿದನೆಂದು ಹೇಳಿದರು.

"ನಿಮ್ಮೋರ ದುಡ್ಡಿನಿಂದಲೇ ಅಂತೆ ಹಿಟ್ಲರ್ ಬೆಳೆದದ್ದು, ಈಗ ಅನುಭವಿಸಿ ಅಂದ. ಎಲ್ಲಿ ಓದಿದೆ ಅಂದೆ. ಒಂದು ಪುಸ್ತಕದಲ್ಲಿ ಇದೆ ಅಂದ. ಅದನ್ನ ಜೋಡಿಸಿದೋನು ನಾನೇ ಅಂತ ಹೇಳೋಕೆ ಬಾಯಿಗೆ ಬಂದಿತ್ತು, ಬಿಟ್ಟೆ."

ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ, ನೀರನ್ನು ನೋಡುತ್ತಾ ನಿಂತೆ. ಆಗಸ್ಟಿನಲ್ಲಿ ಅವರನ್ನೂ ಹೆಂಡತಿಯನ್ನೂ ಹಿಡಿದುಕೊಂಡು ಹೋದರು. ಇಬ್ಬರೂ ಹಿಂತಿರುಗಲಿಲ್ಲ. ಒಂದು ಸಲವಾದರೂ, ಯಾರಾದರೂ ಬರೆದುಕೊಳ್ಳುವವರ ಎದುರಿಗೆ, ಆ ಪುಸ್ತಕ ಸುಳ್ಳು ಎಂದು ಬಾಯಿಬಿಟ್ಟು ಹೇಳಬೇಕೆಂದು ಅಂದೇ ಗಟ್ಟಿಮಾಡಿಕೊಂಡೆ.

ಬರೆದುಕೊಳ್ಳುವವರು ಬಂದದ್ದು ಯುದ್ಧ ಮುಗಿದು ನಾಲ್ಕು ವರ್ಷಕ್ಕೆ. ಜೂರಿಕ್ ನಗರದ ಹೆಲ್ಬ್ಲಿಂಗ್ ಎಂಬ ಪತ್ರಕರ್ತರು. ಉಳಿದ ಪ್ರತಿಗಳಲ್ಲೊಂದು ಅವರಿಗೆ ಸಿಕ್ಕಿತ್ತು, ಜರ್ಮನ್ ಭಾಷೆಗೆ ತರುವುದರಲ್ಲಿದ್ದರು. ಅಪ್ಪ ಹಿಗ್ಗಿಹೋಗಿ ತನ್ನ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನವೇ ಅವರನ್ನು ಮನೆಗೆ ಕರೆದ.

ಕುರ್ಚಿಗಳನ್ನು ವೃತ್ತವಾಗಿ ಇಟ್ಟಿದ್ದೆ. ಹೆಲ್ಬ್ಲಿಂಗ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಪಕ್ಕ ಕೂತಿದ್ದರು. ಸಭ್ಯ ಮನುಷ್ಯ, ಕೆಟ್ಟವರಲ್ಲ. ನನ್ನ ಸೋದರತ್ತೆ ದೀನಾ ಬಂದು ಅಪ್ಪನ ಕೈ ಕುಲುಕಿ, ನನ್ನ ಕೈ ಕುಲುಕಿ, "ಅಪ್ಪನಿಗೆ ಎಪ್ಪತ್ತೈದಾಯ್ತು, ಅಭಿನಂದನೆ ಕಣೇ ಫೆಮ್ಮಿ," ಎಂದು, ಅದೇ ಓಘದಲ್ಲಿ ಹೆಲ್ಬ್ಲಿಂಗರ ಕೈಯನ್ನೂ ಹಿಡಿದು ಅಭಿನಂದಿಸಿದಳು. ನನಗೆ ಯಾಕೆ ಎಂದು ಅವರು ಗಾಬರಿಯಾಗಿ ನನ್ನ ಕಡೆ ನೋಡಿದರು.

ಏಳು ವರ್ಷ ಕಾದದ್ದು ಕೈಗೆ ಸಿಕ್ಕಿತ್ತು.

"ಆಶ್ಚರ್ಯ ಆಯ್ತಲ್ವಾ?" ಎಂದೆ. "ಈ ಪದ್ಧತಿ ನಿಮ್ಮಲ್ಲಿಲ್ಲ, ಅಮೆರಿಕದಲ್ಲೂ ಇಲ್ಲ. ಆದ್ರೆ ನಿಮ್ಮ ಪುಸ್ತಕದ ಅರವತ್ತೊಂದನೇ ಪುಟದಲ್ಲಿ ನ್ಯೂಯಾರ್ಕಿನ ಐದು ಜನ ಬ್ಯಾಂಕರುಗಳು ಹೀಗೇ ಮಾಡ್ತಿದ್ರು. ಅದನ್ನ ಬರೆದದ್ದು ಯಾವ ಬ್ಯಾಂಕರೂ ಅಲ್ಲ, ನಮ್ಮಪ್ಪ. ಇಡೀ ಪುಸ್ತಕಾನೇ ನಮ್ಮಪ್ಪ ಬರೆದದ್ದು."

ಸೋದರತ್ತೆ ಬಿಸ್ಕತ್ತನ್ನು ಬಾಯಿಗೆ ಹಾಕದೆ ತಟ್ಟೆಗಿಟ್ಟಳು. ಹೆಲ್ಬ್ಲಿಂಗ್ ಪುಟ ತೆಗೆದು ನೋಡಿ, ಇಲ್ಲಿ ಅಂಥದ್ದೇನೂ ಇಲ್ಲವಲ್ಲ ಎಂದರು. ನಾನೇ ತೆಗೆದೆ ಎಂದೆ. ಪ್ರೂಫ್ ಇದೆಯೇ ಎಂದರು. ಇಲ್ಲ. ಹಸ್ತಪ್ರತಿ? ಒಲೆಗೆ ಹೋಯಿತು. ಆ ಸಾಲುಗಳನ್ನು ಕಂಡವರು ಇನ್ನು ಯಾರಾದರೂ? ಮೊಳೆ ಜೋಡಿಸಿದವರು, ಯೋನಾಸ್ ಡ್ರಿಲ್ಸ್ಮಾ, ಅವರನ್ನು 1942ರಲ್ಲಿ ಹಿಡಿದುಕೊಂಡು ಹೋದರು ಎಂದೆ. ಹೆಲ್ಬ್ಲಿಂಗ್ ಪೆನ್ಸಿಲ್ ಕೆಳಗಿಟ್ಟರು. ಅವರಿಗೆ ನಿಜವಾಗಿಯೂ ಸಂಕಟವಾದದ್ದು ಮುಖದಲ್ಲಿ ಕಾಣಿಸಿತು. ಆಮೇಲೆ ಅಪ್ಪನ ಕಡೆ ತಿರುಗಿ, ನಿಮ್ಮ ಮಗಳು ಹೇಳುವುದು ನಿಜವೇ ಎಂದು ಕೇಳಿದರು.

ಅಪ್ಪ ನನ್ನನ್ನು ನೋಡಿದ. ಕೋಪವಿರಲಿಲ್ಲ. ಒಪ್ಪಿಕೊಳ್ಳುತ್ತಾನೆ ಎಂದೇ ಅಂದುಕೊಂಡೆ, ಒಂದು ಕ್ಷಣ ಅವನ ಮೇಲೆ ಪ್ರೀತಿ ಉಕ್ಕಿತು.

"ಆ ಸಾಲು ಇದ್ದದ್ದು ನಿಜ," ಎಂದ ಅಪ್ಪ. "ಇವಳು ಒಳ್ಳೆ ಕೆಲಸಗಾರ್ತಿ, ತಪ್ಪು ಅಂತ ತೆಗೆದ್ಲು. ಆದ್ರೆ ಅದು ನನ್ನದಲ್ಲ, ಅವರದೇ. ಆ ಬ್ಯಾಂಕರ್ ಚಿಕ್ಕವರಾಗಿದ್ದಾಗ ಎರಡು ವರ್ಷ ನಮ್ಮ ದೇಶದಲ್ಲಿದ್ರು. ಈ ಪದ್ಧತಿ ಅವರಿಗೆ ಎಷ್ಟು ಹಿಡಿಸ್ತು ಅಂದ್ರೆ, ನ್ಯೂಯಾರ್ಕಿನಲ್ಲಿ ತಮ್ಮ ಮನೇಲೂ ಹಾಗೇ ನಡೆಸ್ತಿದ್ರು. ಹೇಗ್‌ನಲ್ಲಿ ನಂಗೆ ನಗ್ತಾ ಹೇಳಿದ್ರು."

ಮೂವತ್ತು ವರ್ಷ ಅನುವಾದ ಮಾಡಿದವನು ಅಷ್ಟು ಸಲೀಸಾದ ವಾಕ್ಯಗಳನ್ನು ಎಂದೂ ಬರೆದಿರಲಿಲ್ಲ. ಅವನು ಅದನ್ನು ಆ ಕ್ಷಣದಲ್ಲೇ ಹೊಸೆದನೋ, ಇಷ್ಟು ವರ್ಷದಲ್ಲಿ ತಾನೇ ನಂಬಿಬಿಟ್ಟಿದ್ದನೋ, ನನಗೆ ಇಂದಿಗೂ ತಿಳಿಯದು. ಹೆಲ್ಬ್ಲಿಂಗರ ಮುಖ ಅರಳಿತು. ಪೆನ್ಸಿಲ್ ಎತ್ತಿಕೊಂಡು, ಆ ಸಾಲುಗಳು ನೆನಪಿವೆಯೇ ಎಂದು ನನ್ನನ್ನೇ ಕೇಳಿದರು. ಅಪ್ಪನೇ ಒಂದಕ್ಷರ ಬಿಡದೆ ಹೇಳಿ ಬರೆಸಿದ, ಒಂದೊಂದು ಬಿಸ್ಕತ್ತಿನವರೆಗೆ.

ಇಂಥ ದಿನ ಈ ಮಾತೆಲ್ಲ ಬೇಕಿತ್ತಾ ಎಂದು ಸೋದರತ್ತೆ ಅಡುಗೆಮನೆಗೆ ಬಂದು ನನ್ನನ್ನು ಬೈದಳು. ಹೊರಡುವಾಗ ಹೆಲ್ಬ್ಲಿಂಗ್ ಅಪ್ಪನ ಕೈ ಕುಲುಕಿದರು. ಬಾಗಿಲವರೆಗೆ ಹೋದವರು ಮರೆತದ್ದು ನೆನಪಾದಂತೆ ತಿರುಗಿ ಬಂದು ನನ್ನ ಮುಂದೆ ಕೈ ಚಾಚಿದರು.

"ನಿಮ್ಮ ತಂದೆಯವರ ಹುಟ್ಟುಹಬ್ಬಕ್ಕೆ ಅಭಿನಂದನೆಗಳು. ನೋಡಿ, ಒಂದೇ ಮಧ್ಯಾಹ್ನದಲ್ಲಿ ನಾನೂ ಕಲಿತುಬಿಟ್ಟೆ."

ನಮ್ಮಲ್ಲಿ ಚಾಚಿದ ಕೈಯನ್ನು ಬಿಡುವಂತಿಲ್ಲ. ಹಿಡಿದು, ಥ್ಯಾಂಕ್ಸ್ ಎಂದೆ.

ಮರುವರ್ಷ ಜೂರಿಕ್ಕಿನಿಂದ ಪುಸ್ತಕ ಬಂತು. ಆ ಮೂರು ಸಾಲು ತಮ್ಮ ಜಾಗದಲ್ಲಿದ್ದವು. ಕೆಳಗೆ ಅಡಿಟಿಪ್ಪಣಿ: ಮೊದಲ ಮುದ್ರಣದಲ್ಲಿ ಬಿಟ್ಟುಹೋಗಿದ್ದ ಈ ವಿವರ, ಬರೆದವರು ನಿಜವಾದ ವ್ಯಕ್ತಿ ಎಂಬುದನ್ನು ದೃಢಪಡಿಸುತ್ತದೆ, ಇದನ್ನು ಒದಗಿಸಿದ ಅನುವಾದಕರ ಮಗಳಿಗೆ ಕೃತಜ್ಞತೆಗಳು. ಇಡೀ ಪುಸ್ತಕವನ್ನು ಎರಡು ಸಲ ಓದಿದೆ. ಅಚ್ಚಿನ ತಪ್ಪು ಒಂದೂ ಇರಲಿಲ್ಲ. ಅಡಿಟಿಪ್ಪಣಿಯ ಪಕ್ಕದಲ್ಲಿ, ಬಿಟ್ಟುಹೋದದ್ದನ್ನು ಸೇರಿಸುವ ಗುರುತು ಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ಯೋನಾಸ್ ಡ್ರಿಲ್ಸ್ಮಾ ಎಂದು ಬರೆದೆ. ಆ ಪ್ರತಿ ನನ್ನ ಹತ್ತಿರವೇ ಇದೆ.