ಸೆನ್ಸರ್‌ಗೆ ಕಲಿಸಿದ ಗಾಳಿ

“ಕರೀ ವೈರ್ ಎಲ್ಲಿಗ್ಲಾ?”

ಕಾರಿನಡಿಯಿಂದ ನಿಯಾಜ್ ಕೇಳಿದ. ಅಶ್ವಥನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ತಪ್ಪಿ ಒಂಬತ್ತು ವರ್ಷವಾಗಿತ್ತು. ಮಡಿಲಲ್ಲಿದ್ದ ಸೆನ್ಸರಿನ ಪುಸ್ತಿಕೆಯ ಹಾಳೆ ತಿರುವಿ, ಮೊದಲೇ ತಿಳಿದವನಂತೆ, “ಅರ್ಥ್‌ಗೆ. ಇಂಜಿನ್ ಬ್ಲಾಕಿಗೇ ಕೊಡು,” ಎಂದ.

“ನಾನೂ ಅದೇ ಅಂದ್ಕಂಡೆ.”

ಅಂದುಕೊಂಡಿದ್ದರೆ ಕೇಳಿದ್ದೇಕೆ? ಮರ್ಯಾದೆಗೆ ಕೇಳುತ್ತಾನೆ. ಅಶ್ವಥನಿಗೆ ಸುಮ್ಮಸುಮ್ಮನೆ ಸಿಟ್ಟು ಬಂತು.

ರಾಮನಗರದ ಸರ್ಕಾರಿ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ನಿಯಾಜ್ ಎಸ್ಸೆಸ್ಸೆಲ್ಸಿ ಫೇಲಾಗಿ ಗ್ಯಾರೇಜು ಸೇರಿದ. ಅಶ್ವಥ್ ಬಿ.ಇ. ಮುಗಿಸಿ ಬಿಡದಿಯ ಕಾರ್ಖಾನೆ ಸೇರಿದ. ಅಲ್ಲಿ ಟ್ರೇಗಳಲ್ಲಿ ಬರುವ ಬಿಡಿಭಾಗಗಳನ್ನು ನೋಡಿ ಟಿಕ್ ಹಾಕುವುದು ಅವನ ಕೆಲಸ. ಅವನ ಟಿಕ್ ಇಲ್ಲದೆ ಒಂದು ಬೋಲ್ಟೂ ಮುಂದೆ ಹೋಗುವಂತಿಲ್ಲ. ಅವನು ಟಿಕ್ ಹಾಕದೆ ವಾಪಸು ಕಳಿಸಿದ ಬೋಲ್ಟೂ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವನಿಗೆ ಕೈ ಕೆಸರಾಗದೆಯೇ ತಿಂಗಳು ತಿಂಗಳು ಮೊಸರು ಬರುತ್ತಿತ್ತು, ಹುಳಿ ಹುಳಿ.

ಅದಕ್ಕೇ ಈ ಭಾನುವಾರ, ಹೊಸ ಸೆನ್ಸರ್ ಕೂರಿಸಿಕೊಡಲು, ಅವನು ತಾನಾಗಿಯೇ ಬಂದಿದ್ದ. ನಿಯಾಜ್ ಹಳೆಯ ಎಸ್ಟೀಮ್ ಕಾರೊಂದನ್ನು ಓಟಕ್ಕೆಂದು ತಯಾರು ಮಾಡಿದ್ದ. ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಒಬ್ಬರು ನೋಡಲು ಬರುತ್ತಾರೆ. ಒಪ್ಪಿದರೆ ಅವರ ಗುಂಪಿನ ಹತ್ತು ಕಾರುಗಳ ಕೆಲಸ ಇಲ್ಲಿಗೇ. ಆಮೇಲೆ ಅಮ್ಮ ಕುದಿಯುವ ನೀರಿಗೆ ಕೈ ಹಾಕಿ ರೇಷ್ಮೆ ನೂಲು ಬಿಚ್ಚಬೇಕಿಲ್ಲ ಎಂದು ನಿಯಾಜ್ ಮೂರು ಸಲ ಹೇಳಿದ್ದ. ಮೂರನೆಯ ಸಲ ಅಶ್ವಥ್ ಕೇಳಿಸಿಕೊಳ್ಳಲಿಲ್ಲ.

ಸೆನ್ಸರ್ ಎಂದರೆ ಬೆರಳುದ್ದದ ಕಬ್ಬಿಣ. ಇಂಜಿನ್ ಬಿಟ್ಟ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆದು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಕಾರಿನ ಜೊತೆ ಬಂದದ್ದು ಪೆಟ್ರೋಲು ಹೆಚ್ಚು, ಕಡಿಮೆ ಎಂದಷ್ಟೇ ಗೊಣಗುತ್ತಿತ್ತು. ಈ ಹೊಸದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಲೆಕ್ಕ ಒಪ್ಪಿಸುತ್ತದೆ. ಆದರೆ ಹೊಗೆ ಕೊಳವೆಗೆ ತಿರುಗಿಸಿ ಕೂರಿಸುವ ಮುಂಚೆ ಒಂದು ಸಲ ಅದನ್ನು ಬರೀ ಗಾಳಿಯಲ್ಲಿ ಹಿಡಿದು ಗುಂಡಿ ಒತ್ತಬೇಕು. ಒಳ್ಳೆಯ ಗಾಳಿ ಎಂದರೆ ಇದು ಎಂದು ಅದು ಕಲಿಯುತ್ತದೆ. ಮುಂದೆಲ್ಲ ಅದೇ ಅಳತೆ.

ಅಶ್ವಥ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ಅದನ್ನು ಹಿಡಿದ. ಪಕ್ಕದ ಶೆಡ್ಡಿನಿಂದ ನಿಯಾಜನ ತಾಯಿ ಗುಲ್ಜಾರ್ ಬೀ ಇಣುಕಿದರು. ಅವರ ಬೆರಳುಗಳು ಬೆಂದು ಬಿಳಚಿಕೊಂಡಿದ್ದವು.

“ಏನಪ್ಪಾ ಅದು, ಥರ್ಮಾಮೀಟ್ರಾ?”

“ಗಾಳಿ ಕಲಿಸ್ತಿದ್ದೀನಿ ಕಣಮ್ಮಾ, ಇದಕ್ಕೆ.”

“ಯಾ ಅಲ್ಲಾ! ಅದ್ಕೂ ಕಲಿಸ್ಬೇಕಾ?” ನಗುತ್ತ ಒಳಹೋಗಿ ಗೂಡು ಬೇಯಿಸುವ ಒಲೆಗೆ ಇನ್ನೊಂದು ಕೊರಡು ನೂಕಿದರು.

ಗುಂಡಿಯ ದೀಪ ಹಸಿರಾಯಿತು. ಅಶ್ವಥನಿಗೆ ಖುಷಿಯಾಯಿತು, ನಿಜವಾದ ಖುಷಿ.

ಕೂಟಗಲ್ ಕಡೆಯ ರಸ್ತೆಯಲ್ಲಿ ಉದ್ದನೆಯದೊಂದು ಏರು ಇದೆ. ನಿಯಾಜ್ ಓಡಿಸಿದ. ಅಶ್ವಥ್ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟರು ನೋಡಿದ. ಅಂಕಿ ಹನ್ನೆರಡೂವರೆ ಇರಬೇಕಾದಲ್ಲಿ ಹನ್ನೊಂದೂ ಚಿಲ್ಲರೆ. ಅಂಕಿ ಇಳಿದಷ್ಟೂ ಪೆಟ್ರೋಲು ಜಾಸ್ತಿ ಎಂದರ್ಥ. ಅವನು ಲ್ಯಾಪ್‌ಟಾಪಿನಲ್ಲೇ ಪೆಟ್ರೋಲು ಕಡಿಮೆ ಮಾಡಿದ. ಮತ್ತೆ ಏರು. ಇನ್ನೂ ಕಡಿಮೆ ಮಾಡಿದ.

“ಲೇ, ಸದ್ದು ಬೇರೆ ಐತೆ ಕಣ್ಲಾ. ಡಬ್ಬಿಗೆ ಕಲ್ಲಾಕಿ ಅಲ್ಲಾಡಿಸ್ದಂಗೆ.”

“ನಂಬರ್ ನೋಡು. ಸರಿಯಾಗಿದೆ.”

“ಕಿವೀಗೆ ಬತ್ತೈತಲ್ಲ...”

“ನಿನ್ನ ಕಿವಿ ನಂಬಬೇಕೋ, ಇದನ್ನೋ?”

ನಿಯಾಜ್ ಗೇರು ಬದಲಿಸಿದ. ಓದಿದವನು ಹೇಳಿದ ಮೇಲೆ ಮುಗಿಯಿತು. ಏರಿನ ತುದಿಯಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿ, ಇಳಿದು ಹೋಗಿ ರೇಡಿಯೇಟರ್ ಮುಟ್ಟಿ ನೋಡಿದ.

ಅಶ್ವಥ್ ಪುಸ್ತಿಕೆ ತೆರೆದ. ಗಾಳಿ ಕಲಿಸುವುದು ಹೊಗೆ, ಪೆಟ್ರೋಲು ವಾಸನೆ ಇಲ್ಲದ ಬಯಲಿನಲ್ಲಿ ಮಾತ್ರ, ಎಂದಿತ್ತು. ಬೆಳಿಗ್ಗೆಯೂ ಅದನ್ನು ಓದಿದ್ದ. ಇಲ್ಲಿ ಹೊಲದ ಮೇಲಿನಿಂದ ಗಾಳಿ ಬೀಸುತ್ತಿತ್ತು. ಬೆವರು ಒರೆಸಲು ತೋಳೆತ್ತಿದರೆ ಅಂಗಿಯ ತುಂಬ ಸೌದೆ ಹೊಗೆ, ಬೆಂದ ರೇಷ್ಮೆ ಗೂಡಿನ ನಾತ. ಗುಲ್ಜಾರ್ ಬೀ ಒಲೆ ಹಚ್ಚಿದ್ದು ಆರು ಗಂಟೆಗೆ. ಅವನು ಸೆನ್ಸರ್ ಹಿಡಿದು ನಿಂತ ಬಾಗಿಲ ತುಂಬ ಹೊಗೆ ಇತ್ತು. ಅದನ್ನು ಅವನು ಹೊಗೆ ಎಂದೇ ಎಣಿಸಿರಲಿಲ್ಲ. ಆ ಬೀದಿಯಲ್ಲಿ ಹುಟ್ಟಿದ ಯಾರೂ ಎಣಿಸುವುದಿಲ್ಲ.

ಸೆನ್ಸರ್ ಕಲಿತದ್ದೇ ತಪ್ಪು. ಅಂಕಿಯೂ ತಪ್ಪು, ಇಲ್ಲದ ಪೆಟ್ರೋಲನ್ನು ಇದೆ ಎನ್ನುತ್ತಿತ್ತು. ಇಂಜಿನ್ ಪೆಟ್ರೋಲು ಸಾಲದೆ ಒಳಗೊಳಗೇ ಬೇಯುತ್ತಿತ್ತು.

ಹೇಳಬೇಕಾದ್ದು ಇಷ್ಟೇ: ಇಂಜಿನ್ ನಿಲ್ಸು, ನನ್ನಿಂದ ತಪ್ಪಾಯ್ತು. ಸೆನ್ಸರ್ ಬಿಚ್ಚಿ, ಇಲ್ಲೇ ಹಿಡಿದು, ಗುಂಡಿ ಒತ್ತಿದರೆ ಹತ್ತು ನಿಮಿಷ. ಹನ್ನೊಂದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ನಿಯಾಜ್ ಕಿಟಕಿಯಲ್ಲಿ ಬಗ್ಗಿದ. “ಒಸಿ ಜಾಸ್ತೀನೇ ಬಿಸಿಯಾಗೈತೆ. ಏನ್ ಮಾಡವಾ? ನೀನು ಹೇಳ್ದಂಗೆ.”

ಆ ಕಣ್ಣುಗಳಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಕಾರ್ಖಾನೆಯಲ್ಲಿ ಒಂಬತ್ತು ವರ್ಷದಲ್ಲಿ ಒಬ್ಬನೂ ಅವನನ್ನು ಹಾಗೆ ನೋಡಿರಲಿಲ್ಲ. ಅದನ್ನು ಕಳೆದುಕೊಳ್ಳಲು ಅಶ್ವಥನಿಗೆ ಮನಸ್ಸು ಬರಲಿಲ್ಲ.

“ಇನ್ನೊಂದು ರೌಂಡ್ ಓಡಿಸು,” ಎಂದ.

ಓಡಿಸಿದ. ಇಳಿದು, ತಿರುಗಿಸಿ, ಮತ್ತೆ ಏರಿಗೆ ಬಿಟ್ಟ. ತುದಿ ಇನ್ನೇನು ಮೂವತ್ತು ಮಾರು ಎನ್ನುವಾಗ ಇಂಜಿನ್ ಒಮ್ಮೆ ಕೆಮ್ಮಿತು. ಹಿಂದೆ ನೀಲಿ ಹೊಗೆ ಎದ್ದಿತು. ಆಮೇಲೆ ಹೊಲದಲ್ಲಿ ಯಾರೋ ಎತ್ತನ್ನು ಬೈಯುವುದು ಕೂಡ ಕೇಳಿಸಿತು.

ನಿಯಾಜ್ ಬಾನೆಟ್ ಎತ್ತಿ, ಆಯಿಲ್ ಮುಚ್ಚಳ ಬಿಚ್ಚಿ, ಒಳಗಿಂದ ಎದ್ದ ಹೊಗೆ ನೋಡಿದ. “ಪಿಸ್ಟನ್ ತೂತು ಬಿದ್ದೋಯ್ತು,” ಎಂದ. ಆಮೇಲೆ, ತನಗೇ ಎನ್ನುವಂತೆ: “ನಂದೇ ತಪ್ಪು ಕಣ್ಲಾ. ಅರ್ಥ್ ಸರಿಯಾಗಿ ಕೂರಿಸ್ನಿಲ್ಲ ಅನ್ಸುತ್ತೆ. ವೈರ್ ಕೂರೋ ಕಡೆ ಬಣ್ಣ ಕೆರೀಬೇಕಿತ್ತು. ಅದ್ಕೇ ನಂಬರ್ ತಪ್ಪು ತೋರ್ಸೈತೆ. ನೀನು ಪಾಪ, ರಜಾ ದಿನ ಬಂದು... ಥೂ, ನನ್ ಕೈಗಿಷ್ಟು ಬೆಂಕಿ ಹಾಕ!”

ಅಶ್ವಥ್ ಬಾಯಿ ತೆರೆದ.

“ಇರಬಹುದು,” ಎಂದ.

ನಿಯಾಜ್ ತಲೆಯಾಡಿಸಿದ. ಬೆಂಗಳೂರಿನವರಿಗೆ ಏನು ಹೇಳುವುದೆಂದು ಅವನೂ ಕೇಳಲಿಲ್ಲ, ಇವನೂ ಮಾತೆತ್ತಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಿಂತು, ಕೇಳುವ ಮೊದಲೇ ಕಾರಿಗೆ ಭುಜ ಕೊಟ್ಟ. ಅವನೂ ನಿಯಾಜನೂ ಸೇರಿ ಅದನ್ನು ಊರಿನ ದಿಕ್ಕಿಗೆ ತಿರುಗಿಸಿದರು.

“ನೀನು ಕೂತ್ಕೊ, ಸ್ಟೇರಿಂಗ್ ಹಿಡಿ,” ಎಂದ ನಿಯಾಜ್. “ನಿನ್ ಶರ್ಟ್ ಗಲೀಜಾಯ್ತದೆ.”

ಅಶ್ವಥ್ ಕೂತ. ಹಿಂದಿನಿಂದ ಏಯ್ಸಾ ಎನ್ನುವ ಎರಡು ದನಿ ಬಂದವು. ಕಾರು ಅಲುಗಿತು, ಉರುಳಿತು, ಇಳಿಜಾರು ಅದನ್ನು ಎಳೆದುಕೊಂಡಿತು. ಸತ್ತ ಇಂಜಿನ್ನಿನ ಕಾರು ಇಷ್ಟು ಹಗುರಾಗಿ, ಇಷ್ಟು ಸದ್ದಿಲ್ಲದೆ ಓಡುತ್ತದೆಂದು ಅವನು ತಿಳಿದಿರಲಿಲ್ಲ. ಕನ್ನಡಿಯಲ್ಲಿ ನಿಯಾಜ್ ಕೈ ಬೀಸುತ್ತ ಓಡಿಬರುತ್ತಿದ್ದ. ಅವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಿಲ್ಸು ಎನ್ನುತ್ತಿದ್ದನೋ, ಬುಡು ಹೋಗ್ಲಿ ಎನ್ನುತ್ತಿದ್ದನೋ, ಗಾಜು ಏರಿಸಿದ್ದರಿಂದ ಕೇಳಿಸಲಿಲ್ಲ.

ಅಶ್ವಥನ ಕಾಲು ಬ್ರೇಕನ್ನು ಹುಡುಕಿತು. ಸಿಕ್ಕಿತು. ಅವನು ಅದರ ಮೇಲೆ ಕಾಲಿಟ್ಟುಕೊಂಡು, ಒತ್ತದೆ, ಕನ್ನಡಿಯಲ್ಲಿ ಆ ಮನುಷ್ಯ ಚಿಕ್ಕವನಾಗುತ್ತ ಹೋಗುವುದನ್ನು ನೋಡುತ್ತಿದ್ದ.