ಹದಿನಾಲ್ಕು ಮರಗಳ ಸಾಕ್ಷಿ

ಬೆಳಗಿನಿಂದ ಒಡೀಲ್ ಮರ ಎಣಿಸುವುದು ಇದು ನಾಲ್ಕನೇ ಸಲ. ಎಷ್ಟು ಸಲ ಎಣಿಸಿದರೇನು, ಮರವೇನು ಮರಿ ಹಾಕುತ್ತದೆಯೇ? ಬಾದಾಮಿ ಎಪ್ಪತ್ತೊಂದು, ಕಸಿ ಕಟ್ಟಿದ ಕಾಡು ಆಲಿವ್ ಮೂವತ್ತೆಂಟು. ಒಟ್ಟು ನೂರ ಒಂಬತ್ತು. ಬೇಕಾದದ್ದು ನೂರ ಇಪ್ಪತ್ತು. ಎಣಿಸುವ ಅಧಿಕಾರಿ ಮಧ್ಯಾಹ್ನದೊಳಗೆ ಬರುವವನಿದ್ದ.

ಕರಾರು ನೋಡಲು ಸರಳವಾಗಿಯೇ ಇತ್ತು. ಆಲ್ಜೀರಿಯಾದಲ್ಲಿ ಹನ್ನೆರಡು ಹೆಕ್ಟೇರ್ ನೆಲವನ್ನು ಫ್ರೆಂಚ್ ಸರ್ಕಾರ ಪುಕ್ಕಟೆ ಕೊಡುತ್ತದೆ. ಬಂದ ರೈತ ಐದು ವರ್ಷ ಅಲ್ಲಿಂದ ಕದಲಬಾರದು, ಕಲ್ಲಿನ ಮನೆ ಕಟ್ಟಬೇಕು, ಹೆಕ್ಟೇರಿಗೆ ಹತ್ತರಂತೆ ತಾನೇ ನೆಟ್ಟ ಇಲ್ಲವೇ ಕಸಿ ಕಟ್ಟಿದ ಜೀವಂತ ಮರ ತೋರಿಸಬೇಕು. ತೋರಿಸಿದರೆ ಹಕ್ಕುಪತ್ರ. ಒಂದು ಕಡಿಮೆಯಾದರೂ ನೆಲ, ಮನೆ, ಬಾವಿ ಎಲ್ಲವೂ ಸರ್ಕಾರಕ್ಕೆ ವಾಪಸ್ಸು. ಕರೆಯುವಾಗ ನಾಲ್ಕು ಪುಟ ಬೆಣ್ಣೆ ಮಾತು, ಹೊರಗಟ್ಟುವುದಕ್ಕೆ ಒಂದೇ ಸಾಲು. ಸರ್ಕಾರಗಳ ಬುದ್ಧಿಯೇ ಅಷ್ಟು, ಬಿಡಿ.

ಒಡೀಲ್‌ಗೂ ಅವಳ ಗಂಡ ಅಲೋಯಿಸ್‌ಗೂ ವಾಪಸ್ಸು ಹೋಗಲು ಊರಿರಲಿಲ್ಲ. ಫ್ರಾನ್ಸಿನ ಗಡಿಸೀಮೆ ಅಲ್ಸಾಸಿನಲ್ಲಿದ್ದ ಅವರ ಹಳ್ಳಿ ಯುದ್ಧದಲ್ಲಿ ಜರ್ಮನರ ಪಾಲಾಗಿತ್ತು. ನಾವು ಫ್ರೆಂಚರಾಗಿಯೇ ಇರುತ್ತೇವೆಂದು ಬರೆದುಕೊಟ್ಟು, ಇದ್ದದ್ದನ್ನು ಮಾರಿ, ಹಡಗು ಹತ್ತಿದವರು ಅವರು. ಇಲ್ಲಿ ಎರಡನೇ ಬೇಸಿಗೆಯಲ್ಲಿ ಚಳಿಜ್ವರಕ್ಕೆ ಮಗನನ್ನು ಕಳಕೊಂಡರು. ಉಳಿದ ಇಬ್ಬರು ಹೆಣ್ಣುಮಕ್ಕಳು ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದರು. ಅಲೋಯಿಸ್ ಒಳಗೆ ಅದೇ ಜ್ವರದಲ್ಲಿ ನಡುಗುತ್ತ ಮಲಗಿದ್ದ.

"ಆ ಹದಿನಾಲ್ಕನ್ನೂ ಸೇರಿಸಿ ಹೇಳೇ" ಎಂದ ಅವನು, ಕಂಬಳಿಯೊಳಗಿನಿಂದ.

"ಅವು ಅಜ್ಜಿಯವು ಕಣ್ರೀ."

"ಯಾರ ನೆಲದ ಮೇಲೆ ನಿಂತಿವೆ?"

"ನಾನು ಮಾತು ಕೊಟ್ಟಿದೀನಿ."

"ಹ್ಞೂಂ, ಕೊಟ್ಟಿದೀಯ. ನಾಳೆ ಮಕ್ಕಳಿಗೆ ಅದನ್ನೇ ಬೇಯಿಸಿ ಹಾಕು." ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಆ ಹದಿನಾಲ್ಕು ಹಳೆಯ ಆಲಿವ್ ಮರಗಳು ದಿಬ್ಬದ ಮೇಲಿದ್ದವು. ಅವುಗಳ ಒಡತಿ ತಸ್ಸಾದಿತ್, ಬೆಟ್ಟದ ಮೇಲಿನ ಕಬೀಲಿ ಹಳ್ಳಿಯ ಮುದುಕಿ. ನಿಜ ಹೇಳಬೇಕೆಂದರೆ ಈ ಇಡೀ ನೆಲವೇ ಅವಳ ಗಂಡನ ಮನೆತನದ್ದು. ಈ ಬೆಟ್ಟಸೀಮೆಯ ಮೂಲ ಜನರಾದ ಕಬೀಲಿಯರು ಫ್ರೆಂಚರ ಮೇಲೆ ದಂಗೆ ಎದ್ದರು, ಸೋತರು. ಸೋತವರ ನೆಲವನ್ನು ಸರ್ಕಾರ ಬಾಚಿಕೊಂಡು ವಲಸೆ ಬಂದವರಿಗೆ ಹಂಚಿತು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ. ಆದರೆ ಕಬೀಲಿಯರ ಕಟ್ಟಳೆಯಲ್ಲಿ ನೆಲ ಬೇರೆ, ಮರ ಬೇರೆ. ನೆಲ ಯಾರದ್ದೇ ಆಗಲಿ, ಮರ ಮಾತ್ರ ಕಸಿ ಕಟ್ಟಿದವನ ವಂಶಕ್ಕೆ ಸೇರಿದ್ದು.

ಮೊದಲ ಚಳಿಗಾಲದಲ್ಲಿ ಮುದುಕಿ ಉದ್ದನೆಯ ಕೋಲು ಹಿಡಿದು, ಮೊಮ್ಮಗಳ ಜೊತೆ ಕಾಯಿ ಉದುರಿಸಲು ಬಂದಾಗ ಒಡೀಲ್ ಹೆದರಿ ಬಾಗಿಲು ಹಾಕಿಕೊಂಡಿದ್ದಳು. ಮುದುಕಿ ತನ್ನ ಪಾಡಿಗೆ ಕಾಯಿ ಆರಿಸಿದಳು. ಹೋಗುವಾಗ ಹೊಸ್ತಿಲ ಮೇಲೆ ಒಂದು ಬುಟ್ಟಿ ಇಟ್ಟು ಹೋದಳು, ನೆಲದವರ ಪಾಲು ಎಂದು. ಮಗ ಸತ್ತಾಗ ಮೂರು ದಿನ ಬಾರ್ಲಿ ರೊಟ್ಟಿ, ಅಂಜೂರ ತಂದಿಟ್ಟು ಒಡೀಲ್‌ಳ ಪಕ್ಕದಲ್ಲೇ ಕೂತಿದ್ದಳು. ತನ್ನ ನೆಲದಲ್ಲಿ ಬಂದು ಕೂತವರ ಮಗುವಿಗಾಗಿ ಅತ್ತವಳು ಅವಳು. ಅಂಥ ಕರುಳು ಎಲ್ಲಿ ಸಿಕ್ಕೀತು ಹೇಳಿ!

ಸರ್ಕಾರ ಕಳಿಸಿದ ಬಾದಾಮಿ ಸಸಿಗಳು ಮರುಭೂಮಿಯ ಬಿಸಿಗಾಳಿಗೆ ಅರ್ಧಕ್ಕರ್ಧ ಒಣಗಿಹೋದಾಗ ದಾರಿ ತೋರಿಸಿದವಳೂ ಅವಳೇ. ಹಳ್ಳದ ಬದಿಯ ಕಾಡು ಆಲಿವ್‌ಗಳಿಗೆ ಕಸಿ ಕಟ್ಟಲು ಕಲಿಸಿದಳು.

"ಹಾಗೆ ಸೀಳ್ತಾರೇನೇ! ಈರುಳ್ಳಿ ಹೆಚ್ತಿದೀಯಾ?" ಎಂದು ಗದರಿ, ಒಡೀಲ್‌ಳ ಕೈಯಿಂದ ಚಾಕು ಕಸಿದುಕೊಂಡಿದ್ದಳು. "ನನ್ನ ಮರದ ಕಡ್ಡಿ ಎಷ್ಟು ಬೇಕೋ ತಗೋ ಮಗಳೇ. ನೀನು ಕಟ್ಟಿದ್ದು ನಿಂದು. ಮೇಲಿನ ಹದಿನಾಲ್ಕು ಮಾತ್ರ ನಂದು, ನನ್ನ ನಂತ್ರ ಈ ಮೊಮ್ಮಗಳಿಗೆ. ಏನಂತೀಯ?"

"ಮಣ್ಣಲ್ಲಿರೋ ನನ್ನ ಮಗನಾಣೆ ಅಜ್ಜಿ, ಅವು ನಿಮ್ಮವೇ" ಎಂದಿದ್ದಳು ಒಡೀಲ್.

ಅಧಿಕಾರಿ ಹೇಸರಗತ್ತೆಯ ಮೇಲೆ ಬಂದ. ಅವನ ದುಭಾಷಿ ಹಿಂದಿನ ಊರಲ್ಲೇ ಜ್ವರ ಹಿಡಿದು ಮಲಗಿದ್ದನಂತೆ. ಕೆಟ್ಟವನಲ್ಲ ಪಾಪ, ಮಕ್ಕಳ ಕೆನ್ನೆ ಸವರಿ, ನೀರು ಕೇಳಿ ಕುಡಿದು, ಒಂದೊಂದು ಮರಕ್ಕೂ ಸುಣ್ಣದ ಗುರುತು ಹಾಕುತ್ತ ಹೊರಟ. ಎಣಿಕೆಯ ದಿನವೆಂದು ತಿಳಿದು ತಸ್ಸಾದಿತ್ ಮೊಮ್ಮಗಳೊಡನೆ ಆಗಲೇ ದಿಬ್ಬದ ಮೇಲೆ ಬಂದು ಕೂತಿದ್ದಳು. ಸರ್ಕಾರದವರು ಬಂದರೆ ಏನಾದರೂ ಹೋಗುತ್ತದೆ ಎಂಬುದು ಅವಳ ಅನುಭವ.

"ನೂರ ಒಂಬತ್ತು" ಎಂದ ಅಧಿಕಾರಿ ದಿಬ್ಬದ ಬುಡದಲ್ಲಿ ನಿಂತು. "ಹನ್ನೊಂದು ಕಡಿಮೆ ಬಂತಲ್ಲಮ್ಮ. ನಿಮ್ಮನ್ನ ಕಳಿಸೋಕೆ ನಂಗೂ ಮನಸ್ಸಿಲ್ಲ. ಆ ಮೇಲಿರೋವು? ಹಳೇ ಬುಡಕ್ಕೆ ಹೊಸ ಕಸಿ ಕಟ್ಟೋದುಂಟಲ್ಲ. ನಿಮ್ಮ ಯಜಮಾನ್ರು ಕಟ್ಟಿದ್ದು ತಾನೆ? ಈ ಕಡೆಯೋರು ಯಾರಾದ್ರೂ ಹೌದು ಅಂತ ಸಾಕ್ಷಿ ಹೇಳಿದ್ರೆ ಬರ್ಕೊಂಡ್ಬಿಡ್ತೀನಿ."

ಒಡೀಲ್ ದಿಬ್ಬದ ಕಡೆ ನೋಡಿದಳು. ಅಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಲ್ಲ ಎಂದರೆ ಜ್ವರದ ಗಂಡನನ್ನು ಗಾಡಿಯಲ್ಲಿ ಹಾಕಿಕೊಂಡು ಎಲ್ಲಿಗೆ ಹೋಗುವುದು? ಆಲ್ಜೀರ್ ಬಂದರಿನಲ್ಲಿ ಕೈ ಚಾಚಿ ಕೂತ ಅಲ್ಸಾಸಿನ ಹೆಂಗಸರನ್ನು ಅವಳು ಕಣ್ಣಾರೆ ಕಂಡಿದ್ದಳು.

"ಹೌದು ಸಾಹೇಬ್ರೆ" ಎಂದಳು. "ನಮ್ಮವೇ."

"ಹಾಗಾದ್ರೆ ಆ ಮುದುಕಿನ ಕೇಳಿ. ನಿಮಗೆ ಇವರ ಭಾಷೆ ಬರುತ್ತಲ್ಲ."

ಒಡೀಲ್ ದಿಬ್ಬ ಹತ್ತಿದಳು. ಕಬೀಲಿ ಭಾಷೆ ಕಲಿಸಿದವಳ ಎದುರೇ ನಿಂತು ಕೇಳಿದಳು: "ಅಜ್ಜಿ, ಈ ಮರ ಯಾರು ಕಸಿ ಕಟ್ಟಿದ್ದು ಅಂತ ಕೇಳ್ತಿದಾರೆ."

ತಸ್ಸಾದಿತ್ ಮಂಡಿ ಹಿಡಿದುಕೊಂಡು ಎದ್ದೇ ಬಿಟ್ಟಳು. "ನನ್ನನ್ನಾ? ನನ್ನ ಕೇಳ್ತಿದಾನಾ ಅವನು? ನೆಲ ಕಿತ್ಕೊಳ್ಳೋವಾಗ ಒಬ್ಬನೂ ಕೇಳಿರಲಿಲ್ಲ ನೋಡು! ಹೇಳು ಮಗಳೇ, ಬರ್ಕೊಳ್ಳಲಿ. ಆ ಕಡೆಯ ಏಳು ನಮ್ಮ ಮಾವ ಕಟ್ಟಿದ್ದು. ಈ ಕಡೆಯ ಏಳು ನನ್ನ ಗಂಡ ಕಟ್ಟಿದ್ದು, ನಮ್ಮ ಮದುವೆ ವರ್ಷ. ಕಸಿ ಮೇಲೆ ಮೆತ್ತೋಕೆ ಮಣ್ಣು ಕಲಸಿಕೊಟ್ಟೋಳು ನಾನೇ." ಒಂದೊಂದೇ ಕಾಂಡವನ್ನು ತಟ್ಟುತ್ತ, ದನ ಕರುಗಳನ್ನು ಕರೆದಂತೆ ಹೆಸರು ಹಿಡಿದು ಕರೆಯುತ್ತ ಹದಿನಾಲ್ಕನ್ನೂ ಸುತ್ತಿ ಬಂದಳು. ಮುಖ ಮದುವಣಗಿತ್ತಿಯದಾಗಿತ್ತು.

"ಇಷ್ಟುದ್ದ ಏನಂತಮ್ಮ?" ಎಂದ ಅಧಿಕಾರಿ.

"ಎಲ್ಲಾ ನನ್ನ ಗಂಡನೇ ಕಟ್ಟಿದ್ದಂತೆ" ಎಂದಳು ಒಡೀಲ್. "ಅವಳೇ ಪಕ್ಕದಲ್ಲಿ ನಿಂತು ನೋಡಿದಾಳಂತೆ."

ಅಧಿಕಾರಿ ಸಮಾಧಾನದಿಂದ ತಲೆಯಾಡಿಸಿದ. ದಿಬ್ಬ ಹತ್ತಿ ಬಂದು, ಕಲ್ಲಿನ ಮೇಲೆ ಕಾಗದ ಹರವಿಕೊಂಡು ಬರೆದ. ಮುದುಕಿಯ ಹೆಸರು ಕೇಳಿ ಅದನ್ನೂ ಬರೆದ. ನಾಚಿಕೆಯಿಂದ ಒಡೀಲ್‌ಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಐದು ವರ್ಷದ ಭಾರ ಎದೆಯಿಂದ ಇಳಿದದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೇ ಆದವು, ಏನು ಮಾಡುವುದು.

"ಇಲ್ಲೊಂದು ಗುರುತು ಹಾಕ್ಬೇಕಂತೆ ಅಜ್ಜಿ."

ತಸ್ಸಾದಿತ್ ಕೈಯನ್ನು ಉಡುಪಿನ ಅಂಚಿಗೆ ಚೆನ್ನಾಗಿ ಒರೆಸಿಕೊಂಡು ಲೇಖನಿ ಹಿಡಿದಳು. ಒಂದು ಪುಟ್ಟ ವೃತ್ತ ಎಳೆದಳು.

"ನನ್ನ ಹೆಸರು ನಿಜವಾಗ್ಲೂ ಹಾಕಿದಾನೇನೇ? ಎಲ್ಲಿ, ತೋರಿಸು."

ಒಡೀಲ್ ಸಾಕ್ಷಿಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಹೆಸರು ಅಲ್ಲಿ ಇತ್ತು, ಅದು ಸುಳ್ಳಾಗಿರಲಿಲ್ಲ. ಮುದುಕಿ ಆ ಅಕ್ಷರಗಳನ್ನು ಬೆರಳಿಂದ ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಂಡಳು. ಮೊಮ್ಮಗಳನ್ನು ಎಳೆದು ಮುಂದೆ ನಿಲ್ಲಿಸಿದಳು. "ನೋಡ್ಕೊಳೇ. ನಾನು ಸತ್ತ ಮೇಲೂ ಈ ಮರಗಳನ್ನ ಯಾರೂ ಮುಟ್ಟೋ ಹಾಗಿಲ್ಲ."

ಆಮೇಲೆ ಒಡೀಲ್‌ಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. "ನೀನಿಲ್ದಿದ್ರೆ ನನ್ನ ಮಾತನ್ನ ಅವನಿಗೆ ಯಾರು ಹೇಳ್ತಿದ್ರು ಮಗಳೇ?"

ಅಧಿಕಾರಿ ಶಾಯಿ ಆರಲೆಂದು ಕಾಗದದ ಮೇಲೆ ಮರಳು ಉದುರಿಸುತ್ತಿದ್ದ.